ಹತ್ತು ಉಗುರು, ಹತ್ತು ಮುಳ್ಳು

ಪರದೆಯ ಕೆಳಗಿನಿಂದ ಎರಡು ಪಾದಗಳು ಹೊರಬಂದು ಮರದ ಪೀಠದ ಮೇಲೆ ಕೂತವು. ಅತ್ತಿಗೆ ಮುಟ್ಟಲಿಲ್ಲ. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನೋಡುತ್ತ ನಿಂತರು.

"ನಲವತ್ತು ನಿಮಿಷ ಇದೆ," ಎಂದರು ಮೇಜಿನ ಆಚೆ ಕೂತಿದ್ದ ಪರೀಕ್ಷಕಿ. ಪಾದ ಆರೈಕೆಯ ಕೆಲಸ ಮಾಡುವವರೆಲ್ಲ ಅವರನ್ನು ದೊಡ್ಡ ಮೇಡಂ ಎಂದೇ ಕರೆಯುವುದು. "ನೋಡೋದಕ್ಕೇ ಎಲ್ಲಾ ಕಳೆದುಬಿಡ್ಬೇಡಿ."

"ನೋಡೋದೇ ಅರ್ಧ ಕೆಲಸ ಅಂತ ಕೈಪಿಡೀಲಿ ನೀವೇ ಬರೆದಿದೀರಲ್ಲ ಮೇಡಂ," ಎಂದರು ಅತ್ತಿಗೆ, ತಲೆ ಎತ್ತದೆ.

ನಾನು ಮೂಲೆಯ ಸ್ಟೂಲಿನ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಈ ಪರೀಕ್ಷೆಗೊಂದು ವಿಚಿತ್ರ ಪದ್ಧತಿ ಇದೆ. ಅಭ್ಯರ್ಥಿ ತನ್ನ ಮನೆಯಿಂದ ಒಬ್ಬ ಸಾಕ್ಷಿಯನ್ನು ಕರೆತರಬೇಕು. ಸಾಕ್ಷಿ ಎಲ್ಲವನ್ನೂ ನೋಡಬೇಕು, ಕೊನೆಗೆ ಸಹಿ ಹಾಕಬೇಕು, ನಡುವೆ ಪಿಟಿಕ್ಕೆನ್ನಬಾರದು. ಇಪ್ಪತ್ತೆಂಟು ವರ್ಷ ಪೊಲೀಸ್ ಠಾಣೆಯಲ್ಲಿ ರೈಟರಾಗಿ ಮಹಜರು ಬರೆದವನಿಗೆ ನೋಡುವುದು ಗೊತ್ತು, ಸಹಿ ಹಾಕಿಸುವುದೂ ಗೊತ್ತು. ಬಾಯಿ ಮುಚ್ಚಿಕೊಂಡಿರುವುದು ಮಾತ್ರ ಈ ಜನ್ಮಕ್ಕೆ ಒಲಿದ ವಿದ್ಯೆಯಲ್ಲ.

ಅದಕ್ಕೇ ಬಾಗಿಲಲ್ಲೇ ಅತ್ತಿಗೆ ಎಚ್ಚರಿಸಿದ್ದರು. "ರೈಟ್ರೇ, ನಾಲಿಗೆ ಮನೇಲಿ ಬಿಟ್ಟು ಬಂದಿದೀನಿ ಅಂದ್ಕೊಳ್ಳಿ. ಮತ್ತೆ ಆ ಹೆಬ್ಬೆರಳಿನ ಉಗುರು ನೋಡ್ಕೊಳ್ಳಿ ಒಂಚೂರು. ಹೊಲ ಉಳೋದಕ್ಕೆ ಬೆಳೆಸಿದ ಹಾಗಿದೆ."

"ಇದು ಕೈದು. ಇವತ್ತಿನ ಪರೀಕ್ಷೆ ಕಾಲಿಂದು," ಎಂದಿದ್ದೆ. ಅವರು ನಗಲಿಲ್ಲ. ಅತ್ತಿಗೆ ನನ್ನ ಹಾಳು ಜೋಕಿಗೆ ನಗಲಿಲ್ಲವೆಂದರೆ ಅವರ ಎದೆ ಹೊಡೆದುಕೊಳ್ಳುತ್ತಿದೆ ಎಂದೇ ಅರ್ಥ.

ಹೊಡೆದುಕೊಳ್ಳದೆ ಇನ್ನೇನು? ಪರವಾನಗಿ ಮಂಡಳಿ ಕೊಡುವುದು ಮೂರು ಅವಕಾಶ, ಇದು ಮೂರನೆಯದು. ಇಪ್ಪತ್ತು ವರ್ಷ ಊರವರ ಕಾಲು ನೋಡಿಕೊಂಡ ಅವರ ಪುಟ್ಟ ಕೋಣೆಗೆ, ಪರವಾನಗಿ ಕಡ್ಡಾಯವಾದ ದಿನವೇ ಬೀಗ ಬಿದ್ದಿತ್ತು. ಅದಾದರೂ ಹೋಗಲಿ. ಸೋಮವಾರ ಮೇಷ್ಟ್ರ ವಿಚಾರಣೆ.

ಅತ್ತಿಗೆಗೆ ಈ ವಿದ್ಯೆ ಕಲಿಸಿದವರು ಮೇಷ್ಟ್ರು. ಹೋದ ತಿಂಗಳು ಮೂರನೇ ತಾರೀಖು, ಇದೇ ಕಟ್ಟಡದ ಮಹಡಿ ಮೇಲಿರುವ ಮಂಡಳಿಯ ಕ್ಲಿನಿಕ್ಕಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಉಗುರು ತೆಗೆಸಿಕೊಂಡರು. ಸಕ್ಕರೆ ಕಾಯಿಲೆಯ ಮನುಷ್ಯ. ಗಾಯ ಕೊಳೆತು, ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಕ್ಲಿನಿಕ್ಕಿನ ದಾಖಲೆ ಪುಸ್ತಕದಲ್ಲಿ ಕೆಲಸ ಮಾಡಿದವರ ಹೆಸರು ಮೇಷ್ಟ್ರದು. ಮೇಷ್ಟ್ರೋ, ಆ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದೆ ಎನ್ನುತ್ತಾರೆ. ಅವರ ಸಾಮಾನಿನ ಪೆಟ್ಟಿಗೆಗೆ ಸೀಲು ಬಿತ್ತು, ಅವರು ಈ ಕಟ್ಟಡದ ಮೆಟ್ಟಿಲು ಹತ್ತಬಾರದೆಂದು ಆದೇಶವಾಯಿತು.

ಅತ್ತಿಗೆ ಆಸ್ಪತ್ರೆಗೆ ಹೋಗಿ ವ್ಯಾಪಾರಿಯ ಉಳಿದ ಕಾಲನ್ನು ನೋಡಿ ಬಂದಿದ್ದರು. ಐದೂ ಉಗುರಿನ ಅಂಚಿನಲ್ಲಿ ಒಂದೊಂದು ಸಣ್ಣ ಮುಳ್ಳು ಉಳಿದಿತ್ತಂತೆ. ಉಗುರು ಕತ್ತರಿಸುವ ಇಕ್ಕಳಕ್ಕೆ ಇವರು ನಿಪ್ಪರ್ ಎನ್ನುತ್ತಾರೆ. ಅದರ ಬಾಯಿಯ ಅಂಚು ಒಂದು ಕಡೆ ಮುಕ್ಕಾಗಿದ್ದರೆ, ಕತ್ತರಿಸಿದಲ್ಲೆಲ್ಲ ಹಾಗೆ ಮುಳ್ಳು ಬಿಡುತ್ತದೆ. ಎಡಗಾಲಿನ ಮಾಂಸಕ್ಕೆ ಹೊಕ್ಕದ್ದು ಅಂಥದೇ ಮುಳ್ಳು. ಮೇಷ್ಟ್ರ ನಿಪ್ಪರನ್ನು ಅತ್ತಿಗೆ ಹದಿನೆಂಟು ವರ್ಷ ತಾವೇ ಸಾಣೆ ಹಿಡಿದವರು, ಅದರಲ್ಲಿ ಒಂದು ಮುಕ್ಕೂ ಇಲ್ಲ. ಆದರೆ ಪರವಾನಗಿ ಇಲ್ಲದವರು ಹೇಳಿದ್ದನ್ನು ವಿಚಾರಣೆಯಲ್ಲಿ ಬರೆದುಕೊಳ್ಳುವುದೇ ಇಲ್ಲ. ಇವತ್ತು ಪಾಸಾದರೆ ಮೇಷ್ಟ್ರಿಗೊಂದು ಬಾಯಿ ಇರುತ್ತದೆ, ಇಲ್ಲವಾದರೆ ಇಲ್ಲ.

ಅತ್ತಿಗೆ ಪೆನ್ನು ಎತ್ತಿಕೊಂಡರು. ಮುಟ್ಟುವ ಮುಂಚೆ ಕಣ್ಣು ಕಂಡದ್ದನ್ನು ಶಾಯಿಯಲ್ಲಿ ಬರೆಯಬೇಕು, ಬರೆದದ್ದನ್ನು ಹೊಡೆದುಹಾಕುವಂತಿಲ್ಲ. ಬರೆಯುತ್ತ ಗಟ್ಟಿಯಾಗಿ ಓದಿಯೂ ಹೇಳಬೇಕು.

"ಗಂಡಸು. ಅರವತ್ತರ ಆಸುಪಾಸು. ಏಣಿ ಹತ್ತೋ ಕೆಲಸ ಮಾಡಿದೋರು."

ಪರದೆಯ ಹಿಂದೆ ಯಾರೋ ಉಸಿರು ಎಳೆದುಕೊಂಡರು.

"ಅಂಗಾಲಿನ ಮಧ್ಯದಲ್ಲಿ ಅಡ್ಡಡ್ಡ ಜಡ್ಡು ಕಟ್ಟಿದೆ. ನಡೆಯೋರಿಗೆ ಅಲ್ಲಿ ನೆಲ ತಾಗೋದೇ ಇಲ್ಲ. ಏಣಿ ಮೆಟ್ಟಿಲ ಮೇಲೆ ಗಂಟೆಗಟ್ಲೆ ನಿಲ್ಲೋರಿಗೆ ಮಾತ್ರ ಅಲ್ಲಿ ಜಡ್ಡು ಬರೋದು. ಕೆಲಸ ಬಿಟ್ಟು ಏಳೆಂಟು ತಿಂಗಳಾಗಿದೆ, ಜಡ್ಡು ಅಂಚಿನಿಂದ ಏಳ್ತಾ ಇದೆ."

"ಗೋಡೆಗೆ ಬಣ್ಣ ಹೊಡೀತಿದ್ದೆ ತಾಯಿ," ಎಂದಿತು ಪರದೆ. "ಬಿಟ್ಟು ಎಂಟು ತಿಂಗಳಾಯ್ತು."

ದೊಡ್ಡ ಮೇಡಂ ಮೇಜಿನ ಗಂಟೆ ಒತ್ತಿದರು. "ಕೇಳಿದ್ರೆ ಮಾತ್ರ ಉತ್ತರ ಕೊಡಿ." ದನಿಯಲ್ಲಿ ಸಿಟ್ಟಿರಲಿಲ್ಲ. ಅವರೂ ಕನ್ನಡಕ ತೆಗೆದು ಮುಂದೆ ಬಾಗಿದ್ದರು.

"ಹಾಕ್ಕೊಳ್ತಿರೋ ಶೂ ಇವರದಲ್ಲ. ಎರಡೂ ಕಿರುಬೆರಳ ಮೇಲೆ ಹೊಸ ಆಣಿ ಎದ್ದಿದೆ. ಬೇರೆಯವರ ಶೂ, ಒಂದು ಸೈಜು ಚಿಕ್ಕದು. ಬಲ ಮಂಡಿ ನೋವಿದೆ, ಭಾರ ಪೂರ್ತಿ ಎಡಕ್ಕೆ ಹಾಕ್ತಾರೆ. ಎಡ ಹಿಮ್ಮಡಿ ಸೀಳಿದೆ, ಬಲದ್ದು ಸೀಳಿಲ್ಲ. ಬೆರಳುಗಳ ಮೇಲೆ ಒಂದು ಕೂದಲೂ ಇಲ್ಲ, ಚರ್ಮ ಮಿನುಗ್ತಿದೆ. ರಕ್ತ ಕೆಳಗಿನವರೆಗೆ ಬರ್ತಿಲ್ಲ."

ನಾನು ಬೆಕ್ಕಸಬೆರಗಾಗಿ ಕೂತೆ. ಇಪ್ಪತ್ತೆಂಟು ವರ್ಷ ಜನರ ಮುಖ ನೋಡಿ ನೋಡಿ ಸುಳ್ಳು ಯಾವುದು, ನಿಜ ಯಾವುದು ಎಂದು ತಡಕಾಡಿದವನು ನಾನು. ಒಂದು ಸಲ ಕೆಳಗೆ ನೋಡಿದ್ದರೆ ಅರ್ಧ ಕೇಸು ಅಲ್ಲೇ ಮುಗಿಯುತ್ತಿದ್ದವೇನೋ. ಒಬ್ಬ ಮನುಷ್ಯನ ನಲವತ್ತು ವರ್ಷದ ದುಡಿಮೆ, ಮಂಡಿಯ ನೋವು, ಶೂ ಕೊಳ್ಳಲಾರದ ಕಷ್ಟ, ಎಲ್ಲವೂ ಆ ಎರಡು ಪಾದಗಳಲ್ಲಿ ಇತ್ತು. ನನ್ನ ಅತ್ತಿಗೆ ಅದನ್ನು ಬೆಳಗಿನ ಪೇಪರು ಓದಿದ ಹಾಗೆ ಓದಿ ಹೇಳುತ್ತಿದ್ದರು. ಒಂದೇ ಮನೆಯಲ್ಲಿದ್ದುಕೊಂಡು ಇವರನ್ನು ನಾನು ಅಡುಗೆಗೆ ಉಪ್ಪು ಕಮ್ಮಿ ಎಂದು ಆಡಿಕೊಳ್ಳುತ್ತಿದ್ದೆ. ನಿಜಕ್ಕೂ ನಾಚಿಕೆಯಾಯಿತು.

ಆಮೇಲೆ ಅವರು ಮುಟ್ಟಿದರು. ಅಂಗೈ ಹಿಂಬದಿಯನ್ನು ಕಣಕಾಲಿನಿಂದ ಬೆರಳಿನವರೆಗೆ ಇಳಿಸುತ್ತ ಬಿಸಿ ಎಲ್ಲಿ ನಿಲ್ಲುತ್ತದೆಂದು ನೋಡಿದರು. ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಹುಡುಕಿದರು, ಹುಡುಕಿದರು, ಗೋಡೆ ಗಡಿಯಾರ ಒಂದು ನಿಮಿಷ ಮುಂದೆ ಹೋಯಿತು. ಕೊನೆಗೆ ಗಾಳದ ದಾರದಂಥ ಒಂದು ಬಿರುಸು ನೈಲಾನ್ ಎಳೆಯನ್ನು ತೆಗೆದುಕೊಂಡು ಎಡ ಹೆಬ್ಬೆರಳಿನ ಕೆಳಗೆ, ಅದು ಬಾಗುವವರೆಗೆ ಒತ್ತಿದರು.

"ಎಲ್ಲಿ ಮುಟ್ಟಿದೆ, ಹೇಳಿ."

"ಇನ್ನೂ ಮುಟ್ಟಿಲ್ವಲ್ಲ ತಾಯಿ."

ಇನ್ನೆರಡು ಕಡೆ ಒತ್ತಿದರು. ಪರದೆ ಕಾಯುತ್ತಲೇ ಇತ್ತು. "ಯಾವಾಗ ಮುಟ್ತೀರಿ, ಹೇಳಿ," ಎಂದಿತು ಸೌಜನ್ಯದಿಂದ.

ಅತ್ತಿಗೆ ಹತ್ತಿಯ ಉಂಡೆಯೊಂದನ್ನು ಒದ್ದೆ ಮಾಡದೆ ಹಾಗೇ ತೆಗೆದುಕೊಂಡು ಉಗುರುಗಳ ಅಂಚಿನ ಮೇಲೆ ಸವರಿದರು. ಬಲಗಾಲು ಮುಗಿಯಿತು, ಎಡಗಾಲು ಮುಗಿಯಿತು. ಕೈ ಎತ್ತಿದಾಗ ನನಗೆ ಸ್ಟೂಲಿನಿಂದಲೇ ಕಾಣಿಸಿತು. ಹತ್ತೂ ಉಗುರಿಗೆ ಒಂದೊಂದು ಬಿಳಿ ಎಳೆ ಸಿಕ್ಕಿಕೊಂಡಿತ್ತು.

ಹತ್ತು ಉಗುರಿನಲ್ಲೂ ಮುಳ್ಳು, ಅದೂ ವ್ಯಾಪಾರಿಯ ಉಗುರಿನಲ್ಲಿ ಇದ್ದಂಥದೇ. ಬಾಯಿ ತೆರೆದೆ. ಅತ್ತಿಗೆ ನನ್ನ ಕಡೆ ಒಂದೇ ಒಂದು ಸಲ ನೋಡಿದರು. ಬಾಯಿ ಮುಚ್ಚಿದೆ.

"ಕೊನೇ ಸಲ ಉಗುರು ತೆಗೆಸಿದ್ದು ಯಾವಾಗ?" ಎಂದು ಕೇಳಿದರು, ಹಾಳೆಯ ಮೇಲೆ ಕಣ್ಣಿಟ್ಟು. ಅದು ಹಾಳೆಯಲ್ಲಿ ಅಚ್ಚಾಗಿದ್ದ ಪ್ರಶ್ನೆಯೇ.

"ಗುರುವಾರ."

"ಯಾರು ತೆಗೆದಿದ್ದು?"

"ಇಲ್ಲೇ, ಮಹಡಿ ಮೇಲೆ. ಪರೀಕ್ಷೆಗೆ ಕೂರೋ ಮುಂಚೆ ಚೊಕ್ಕ ಮಾಡ್ತೀವಿ ಅಂತ ಕರೆದ್ರು. ಮುಖ ನೋಡ್ಲಿಲ್ಲ ತಾಯಿ, ಅಲ್ಲೂ ಹೀಗೇ ಪರದೆ ಹಾಕಿದ್ರು. ಒಂದು ಮಾತೂ ಆಡ್ಲಿಲ್ಲ, ಅವರು..."

ಗಂಟೆ ಹೊಡೆಯಿತು. "ಅಷ್ಟು ಸಾಕು," ಎಂದರು ದೊಡ್ಡ ಮೇಡಂ.

ನಾನು ಮನಸ್ಸಿನಲ್ಲೇ ಮಹಜರು ಬರೆದುಕೊಂಡೆ. ಗುರುವಾರವೆಂದರೆ ಐದು ದಿನದ ಹಿಂದೆ. ಅಷ್ಟು ಹೊತ್ತಿಗೆ ಮೇಷ್ಟ್ರು ಈ ಕಟ್ಟಡದ ಹೊರಗೆ, ಅವರ ನಿಪ್ಪರು ಸೀಲಿನ ಒಳಗೆ. ಹಾಗಾದರೆ ವ್ಯಾಪಾರಿಯ ಕಾಲು ತಿಂದ ನಿಪ್ಪರು ಬೇರೆ ಯಾರದೋ ಕೈಯಲ್ಲಿ ಇನ್ನೂ ಓಡಾಡುತ್ತಿದೆ. ಇನ್ನೊಂದು ಸಂಗತಿಯೂ ಇತ್ತು. ಉಗುರು ಕತ್ತರಿಸುವ ಪರೀಕ್ಷೆಗೆ ಕೂರುವವನ ಉಗುರನ್ನು ಐದು ದಿನ ಮುಂಚೆ ಯಾರಾದರೂ ಕತ್ತರಿಸುತ್ತಾರೆಯೇ? ಮದುವೆ ಊಟಕ್ಕೆ ಹೊರಟವನಿಗೆ ಮನೆಯಲ್ಲೇ ಹೊಟ್ಟೆ ತುಂಬಾ ಬಡಿಸಿ ಕಳಿಸಿದ ಹಾಗಾಯಿತು.

ಅತ್ತಿಗೆ ಭೂತಗನ್ನಡಿ ಹಿಡಿದು ಎಡ ಹೆಬ್ಬೆರಳಿನ ಮೂಲೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹತ್ತಿ, ಗುರುವಾರ, ಎಲ್ಲವನ್ನೂ ಹಾಳೆಗೆ ಬರೆದು, ಸಾಮಾನುಗಳನ್ನು ಒಂದೊಂದಾಗಿ ತಟ್ಟೆಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿದರು.

"ಇನ್ನೂ ಹದಿನಾರು ನಿಮಿಷ ಇದೆ," ಎಂದರು ದೊಡ್ಡ ಮೇಡಂ.

"ನಂದು ಮುಗೀತು ಮೇಡಂ."

"ಒಂದು ಉಗುರೂ ಮುಟ್ಟಿಲ್ಲ ನೀವು."

"ಮುಟ್ಟೋದಿಲ್ಲ."

ದೊಡ್ಡ ಮೇಡಂ ಎದ್ದು ಬಂದರು. ಎತ್ತರದ ಹೆಂಗಸು, ನಡೆದರೆ ಬೂಟಿನ ಸದ್ದೇ ಬರುವುದಿಲ್ಲ. "ಹಾಳೇಲಿ ಏನಿದೆ? ಹತ್ತು ಉಗುರು ಸರಿ ಮಾಡಿ, ಜಡ್ಡು ತೆಗೆದು ತೋರಿಸಿ ಅಂತಿದೆ. ಕೆಲಸ ಮಾಡದೆ ಇದ್ರೆ ನಾನು ಅಂಕ ಯಾವುದಕ್ಕೆ ಕೊಡ್ಲಿ?"

"ಕೊಡ್ಬೇಡಿ."

"ಇದು ನಿಮ್ಮ ಕೊನೇ ಸಲ. ನೆನಪಿದೆಯಾ?"

"ಬೆಳಗ್ಗೆಯಿಂದ ಅದೊಂದೇ ನೆನಪಿರೋದು," ಎಂದರು ಅತ್ತಿಗೆ. "ಈ ಕಾಲಲ್ಲಿ ನಾಡಿ ಸಿಗ್ತಿಲ್ಲ. ಸ್ಪರ್ಶ ಇಲ್ಲ. ಎಡ ಹೆಬ್ಬೆರಳ ಮೂಲೇಲಿ ಒಂದು ಉಗುರಿನ ಮುಳ್ಳು ಒಳಗೆ ಹೋಗಿ ಸುತ್ತ ಕೆಂಪಾಗಿದೆ. ಅವರಿಗೆ ನೋವಾಗ್ತಿಲ್ಲ, ಅದಕ್ಕೇ ಅದು ಇನ್ನೂ ಅಪಾಯ. ಈಗ ನಾನು ಕತ್ತರಿ ಹಾಕಿದ್ರೆ ಒಂದು ವಾರದಲ್ಲಿ ಬೆರಳು ಹೋಗತ್ತೆ, ಒಂದು ತಿಂಗಳಲ್ಲಿ ಕಾಲು. ಇವರಿಗೆ ಬೇಕಾಗಿರೋದು ಡಾಕ್ಟರು, ಅದೂ ಇವತ್ತೇ. ನಾನಲ್ಲ."

"ಚೂರು ಮೂಲೆ ಮಾತ್ರ ಬಿಡಿಸಿದ್ರೆ?"

"ಚೂರು ಅಂತಾನೇ ನಮ್ಮ ಮನೆಯವರೂ ಕೇಳಿದ್ರು ಮೇಡಂ. ನಾನೇ ಬ್ಲೇಡು ತಂದುಕೊಟ್ಟೆ. ಆಗ ನಂಗೇನೂ ಗೊತ್ತಿರ್ಲಿಲ್ಲ."

ಅವರು ಹೇಳುತ್ತಿದ್ದುದು ನನ್ನ ಅಣ್ಣನ ವಿಷಯ. ಅಣ್ಣನ ಕಾಲು ಹೋಗಿ, ಆಮೇಲೆ ಅಣ್ಣನೇ ಹೋಗಿ ಇಪ್ಪತ್ತೆರಡು ವರ್ಷ. ಆ ಬ್ಲೇಡಿನ ಮಾತನ್ನು ನಾನು ಕೇಳಿದ್ದು ಅವತ್ತೇ ಮೊದಲು. ಇಷ್ಟು ವರ್ಷ ಈ ಹೆಂಗಸು ಊರವರ ಕಾಲನ್ನೆಲ್ಲ ಯಾಕೆ ಹಾಗೆ ಎರಡು ಕೈಯಲ್ಲಿ ಹಿಡಿಯುತ್ತಾರೆಂದು ನನಗೆ ಆಗ ಹೊಳೆಯಿತು. ಕಣ್ಣು ತುಂಬಿತು. ಸಾಕ್ಷಿ ಅಳಬಾರದೆಂದು ಪುಣ್ಯಕ್ಕೆ ನಿಯಮದಲ್ಲಿಲ್ಲ.

ದೊಡ್ಡ ಮೇಡಂ ಪಾದಗಳ ಮುಂದೆ ಮಂಡಿಯೂರಿ ಕೂತು ತಾವೇ ನಾಡಿ ಹುಡುಕಿದರು. ಎದ್ದಾಗ ಅವರ ಮುಖ ಬೇರೆಯಾಗಿತ್ತು.

"ಹನ್ನೊಂದು ವರ್ಷದಿಂದ ಈ ಕುರ್ಚೀಲಿ ಕೂತಿದೀನಿ," ಎಂದರು ಮೆಲ್ಲಗೆ. "ವರ್ಷಕ್ಕೊಂದು ಸಲ ಮುಟ್ಟಬಾರದ ಕಾಲನ್ನ ಇಡ್ತೀವಿ. ಯಾರಿಗೂ ಹೇಳೋದಿಲ್ಲ. ಕತ್ತರಿ ಚರ್ಮಕ್ಕೆ ತಾಗೋ ಮುಂಚೆ ನಾನೇ ನಿಲ್ಲಿಸ್ತೀನಿ. ಇಲ್ಲೀವರೆಗೆ ಹನ್ನೊಂದು ಜನಾನೂ ನಾನೇ ನಿಲ್ಲಿಸಿದ್ದು. ತಾವಾಗೇ ಕತ್ತರಿ ಕೆಳಗಿಟ್ಟೋರು ನೀವೊಬ್ಬರೇ."

ಗಾಲಿ ಕುರ್ಚಿ ಬಂತು. ಪರದೆ ಸರಿಯಿತು. ಬಣ್ಣದ ಮನುಷ್ಯ ನಾನಂದುಕೊಂಡದ್ದಕ್ಕಿಂತ ಸಣ್ಣಗಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು. ಆಸ್ಪತ್ರೆಗೆಂದು ಹೊರಡುವ ಮುಂಚೆ ಅತ್ತಿಗೆಯ ಕೈ ಹಿಡಿದುಕೊಂಡ. "ನಮ್ಮಮ್ಮ ಬಿಟ್ರೆ ನನ್ನ ಕಾಲನ್ನ ಇಷ್ಟು ಹೊತ್ತು ಯಾರೂ ನೋಡಿರ್ಲಿಲ್ಲ ತಾಯಿ," ಎಂದ.

ಹತ್ತು ನಿಮಿಷದಲ್ಲಿ ಪರವಾನಗಿ ಪತ್ರ ಮೇಜಿನ ಮೇಲಿತ್ತು. ಗಟ್ಟಿ ಕಾಗದ, ಮೂಲೆಯಲ್ಲಿ ಉಬ್ಬು ಮುದ್ರೆ. ಅತ್ತಿಗೆ ಅದನ್ನು ಮುಟ್ಟಲು ಕೈಯನ್ನು ಸೀರೆಗೆ ಎರಡು ಸಲ ಒರೆಸಿಕೊಂಡರು. ದೊಡ್ಡ ಮೇಡಂ ಬೀರುವಿನಿಂದ ಒಂದು ಚಪ್ಪಟೆ ಪೆಟ್ಟಿಗೆ ತಂದಿಟ್ಟರು. "ಹೊಸದಾಗಿ ಪಾಸಾದೋರಿಗೆ ಮಂಡಳಿ ಕಡೆಯಿಂದ ಒಂದು ನಿಪ್ಪರು. ಹಿರಿಯರು ಬಳಸಿದ್ದೇ ಕೊಡೋದು ನಮ್ಮ ಪದ್ಧತಿ. ಇಲ್ಲಿ ನೀವು ಸಹಿ ಮಾಡಿ. ಸಾಕ್ಷಿ ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ."

ನಾವಿಬ್ಬರೂ ಸಹಿ ಮಾಡಿದೆವು, ಕೊಟ್ಟ ನಕಲನ್ನು ನಾನು ಮಡಚಿ ಜೇಬಿಗೆ ಹಾಕಿಕೊಂಡೆ. ನನ್ನ ಕಣ್ಣು ಇನ್ನೂ ಒದ್ದೆಯಾಗಿತ್ತು, ಅಕ್ಷರಗಳು ಕಲೆಸಿದ ಹಾಗೆ ಕಾಣುತ್ತಿದ್ದವು. ಓದದೆ ಸಹಿ ಹಾಕಬೇಡಿ ಎಂದು ಠಾಣೆಗೆ ಬಂದ ಎಷ್ಟೋ ಜನರಿಗೆ ಬುದ್ಧಿ ಹೇಳಿದವನು ನಾನು.

ಹೊರಗೆ ಮೆಟ್ಟಿಲ ಪಕ್ಕದ ಕಲ್ಲುಬೆಂಚಿನ ಮೇಲೆ ಬಿಸಿಲು ಬಿದ್ದಿತ್ತು. ಕೂತ ಮೇಲೆ ನನ್ನ ನಾಲಿಗೆ ಬಿಚ್ಚಿಕೊಂಡಿತು. "ಅತ್ತಿಗೆ, ಸೋಮವಾರ ನೀವು ಬಾಯಿ ಬಿಟ್ರೆ ಸಾಕು, ಮೇಷ್ಟ್ರು ಗೆದ್ದ ಹಾಗೇ. ಗುರುವಾರದ ಆ ಉಗುರು, ಆ ಹತ್ತಿ, ಎಲ್ಲಾ ಹಾಳೇಲಿ ಶಾಯಿಯಲ್ಲೇ ಇದೆ."

"ಕೈ ಕೊಡಿ ಇಲ್ಲಿ," ಎಂದರು ಅತ್ತಿಗೆ. "ಮೊದಲು ನಿಮ್ಮ ನೇಗಿಲು ತೆಗೀತೀನಿ. ಯಾವ ಸಾಮಾನೂ ಇನ್ನೊಬ್ಬರ ಕಾಲಿಗೆ ಹೋಗೋ ಮುಂಚೆ ಮನೆಯವರ ಉಗುರಿನ ಮೇಲೆ ನೋಡ್ಬೇಕು ಅಂತಿದ್ರು ಮೇಷ್ಟ್ರು. ನಂದಂತೂ ಬುಡಮಟ್ಟ ಕತ್ತರಿಸಿದೀನಿ."

ಪೆಟ್ಟಿಗೆ ತೆರೆದರು. ನಿಪ್ಪರು ಹಳೆಯದು, ಹಿಡಿ ಸವೆದು ಹೊಳೆಯುತ್ತಿತ್ತು. ನನ್ನ ಹೆಬ್ಬೆರಳ ಉಗುರು ಕಟಕ್ಕೆಂದು ಬಿತ್ತು. ಅವರು ನಗುತ್ತಲೇ ಚೀಲದಿಂದ ಹತ್ತಿಯ ಚೂರು ತೆಗೆದು ಅಂಚಿನ ಮೇಲೆ ಸವರಿದರು.

ಒಂದು ಬಿಳಿ ಎಳೆ ನನ್ನ ಉಗುರಿಗೆ ಸಿಕ್ಕಿಕೊಂಡಿತು.

ಅವರ ನಗು ಹಾಗೇ ನಿಂತಿತು. ಇನ್ನೊಮ್ಮೆ ಸವರಿದರು. ಅದೇ ಜಾಗದಲ್ಲಿ ಇನ್ನೊಂದು ಎಳೆ.

"ರೈಟ್ರೇ," ಎಂದರು ಬಹಳ ಮೆಲ್ಲಗೆ, "ನಾವು ಸಹಿ ಮಾಡಿದ್ವಲ್ಲ, ಅದರ ನಕಲು ಎಲ್ಲಿ?"

ಜೇಬಿನಿಂದ ತೆಗೆದು ಬಿಸಿಲಿಗೆ ಹಿಡಿದೆ. ಈಗ ಅಕ್ಷರಗಳು ಚೆನ್ನಾಗಿಯೇ ಕಂಡವು. ನಿಪ್ಪರಿನ ನಂಬರು. ಅದರ ಮುಂದೆ ಅತ್ತಿಗೆಯ ಹೆಸರು. ಅಭ್ಯಾಸಕ್ಕಾಗಿ ಇದನ್ನು ಪಡೆದ ದಿನಾಂಕವೆಂಬ ಕಡೆ ಇವತ್ತಿನ ತಾರೀಖು ಇರಲಿಲ್ಲ. ಹೋದ ತಿಂಗಳು ಒಂದನೇ ತಾರೀಖು ಎಂದಿತ್ತು. ವ್ಯಾಪಾರಿಯ ಉಗುರು ಕತ್ತರಿಸುವುದಕ್ಕೆ ಎರಡು ದಿನ ಮೊದಲು.

ಕಾಗದದ ಪ್ರಕಾರ, ಅವತ್ತಿನಿಂದ ಇವತ್ತಿನವರೆಗೆ ಈ ನಿಪ್ಪರು ಇದ್ದದ್ದು ಒಬ್ಬರ ಕೈಯಲ್ಲಿ ಮಾತ್ರ. ಅವರು ಅದನ್ನು ಒಪ್ಪಿ ಸಹಿ ಮಾಡಿದ್ದರು. ಕೆಳಗೆ, ಇದೆಲ್ಲ ನಿಜವೆಂದು ನಾನು ಬಲ್ಲೆ ಎಂಬ ಸಾಲಿನ ಮುಂದೆ, ಮೂರು ಕಡೆ ನನ್ನ ಸಹಿ ಇತ್ತು.